ಪಕ್ಕದ ಸೀಟಿನ ಪೆಡಲು

“ಒತ್ತು” ಎಂದ ತಮ್ಮ, ಗಾಡಿಯ ಕೆಳಗಿನಿಂದ. ಸೀಟಿನಲ್ಲಿ ಕೂತ ಅಣ್ಣ ಒತ್ತಿದ, ಒತ್ತಿದೆನೆಂದುಕೊಂಡ. ಎಡಗಾಲು ಈಗೀಗ ಹೇಳಿದ ಕೆಲಸ ಮಾಡುತ್ತಿತ್ತು, ಆದರೆ ಮಾಡಿದ್ದನ್ನು ತಿರುಗಿ ಬಂದು ಹೇಳುತ್ತಿರಲಿಲ್ಲ. ಪೆಡಲು ತಳ ಮುಟ್ಟಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಸ್ಟಿಯರಿಂಗಿನ ಕೆಳಗೆ ಬಗ್ಗಿ ಮೊಣಕಾಲನ್ನು ನೋಡಬೇಕಿತ್ತು. ಮೊಣಕಾಲು ಚಾಚಿದ್ದರೆ ಪಾದವೂ ಹೋಗಿರಲೇಬೇಕು, ಅದನ್ನು ಬಿಟ್ಟು ಇನ್ನೆಲ್ಲಿಗೆ ಹೋದೀತು ಪಾಪ. “ಹಿಡಿ” ಎಂದ ತಮ್ಮ. ಹಿಡಿದ. ಕೆಳಗೆ ನಟ್ಟು ಬಿಚ್ಚುವ ಪಾನ ತಿರುಗಿದ ಸಣ್ಣ ಶಬ್ದ, ಒಂದು ಗಳಿಗೆ ಬಿಟ್ಟು ಮತ್ತೆ ತಿರುಗಿದ ಶಬ್ದ. “ಬಿಡು.” ಬಿಟ್ಟ. ಪೆಡಲು ಮೇಲೆ ಬರಲು ಮನಸ್ಸಿಲ್ಲದಂತೆ ಅರ್ಧದಲ್ಲೇ ನಿಂತಿತು. ಬಲಗಾಲಿನ ತುದಿಯನ್ನು ಅದರಡಿ ತೂರಿಸಿ ಎಬ್ಬಿಸಬೇಕಾಯಿತು. ಬೆಳಿಗ್ಗೆಯಿಂದ ಇದೇ ಆಗಿತ್ತು. ಕ್ಲಚ್ಚಿನ ಎಣ್ಣೆಯಿಂದ ಗಾಳಿ ತೆಗೆಯುವುದೆಂದರೆ ಇಬ್ಬರ ಕೆಲಸ, ಮೇಲೊಬ್ಬ, ಕೆಳಗೊಬ್ಬ. ಮೇಲಿನವನು ಪೆಡಲು ಒತ್ತಿದರೆ ಮೇಲಿನ ಸಿಲಿಂಡರಿನ ಎಣ್ಣೆ ಪೈಪಿನಲ್ಲಿ ಓಡಿ ಗೇರ್ ಬಾಕ್ಸಿನ ಪಕ್ಕದಲ್ಲಿರುವ ಕೆಳಗಿನ ಸಿಲಿಂಡರನ್ನು ತಳ್ಳುತ್ತದೆ, ಅದು ಕ್ಲಚ್ಚನ್ನು ತಳ್ಳುತ್ತದೆ. ನಡುವೆ ಗಾಳಿ ಸೇರಿಕೊಂಡರೆ ಒತ್ತಿದ್ದನ್ನೆಲ್ಲ ಗಾಳಿಯೇ ತಿಂದುಹಾಕುತ್ತದೆ. ಅದಕ್ಕೇ ಕೆಳಗಿನವನು ಸಿಲಿಂಡರಿನ ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಗೆ ಬಿಟ್ಟು, ಮುಚ್ಚಿ, ಆಮೇಲೆ ‘ಬಿಡು’ ಅನ್ನಬೇಕು. ಈ ಶೆಡ್ಡಿನಲ್ಲಿ ಒತ್ತು, ಹಿಡಿ, ಬಿಡು ಎನ್ನುವ ಮಾತುಗಳು ಯಾವಾಗಲೂ ಅವನವಾಗಿದ್ದವು. ಸೀಟಿನಲ್ಲಿ ಕೂತು ಒತ್ತುತ್ತಿದ್ದವನು ತಮ್ಮ. ಕೂತು ನೋಡಿದರೆ ಕೆಲಸ ಎಷ್ಟು ಬೇಜಾರಿನದು ಎಂದು ಇಷ್ಟು ವರ್ಷದ ಮೇಲೆ ಇವತ್ತು ಗೊತ್ತಾಗುತ್ತಿತ್ತು. ಕೆಳಗಿನವನಿಗೆ ಎಲ್ಲವೂ ಕಾಣುತ್ತದೆ. ಮೇಲಿನವನಿಗೆ ಕಾಣುವುದು ಎದುರಿನ ಗೋಡೆ, ಗೋಡೆಯಲ್ಲಿ ಮೊಳೆಗೆ ನೇತುಹಾಕಿದ ಫ್ಯಾನ್ ಬೆಲ್ಟುಗಳು.

ಕಾಯಿಲೆಯಾದ ಮೇಲೆ ಕೆಲಸಕ್ಕೆಂದು ಬಂದದ್ದು ಇವತ್ತೇ ಮೊದಲು. ಹೋದ ಬೇಸಿಗೆಯಲ್ಲಿ ಲಕ್ವ ಹೊಡೆದು ಮೈಯ ಎಡಭಾಗ ಮಲಗಿಬಿಟ್ಟ ಮೇಲೆ ಅವನು ಶೆಡ್ಡಿಗೆ ಬಂದಿದ್ದರೂ ಗಿರಾಕಿಗಳ ಕುರ್ಚಿಯಲ್ಲಿ ಕೂತು ಚಹಾ ಕುಡಿದು ಹೋಗಿದ್ದ ಅಷ್ಟೆ. ತಮ್ಮನ ಹತ್ತಿರ ಮಾತಾಗಿತ್ತು: ಒಂದು ದಿನ ನೋಡುವುದು, ಕೈ ಕಾಲು ಒಪ್ಪಿದರೆ ಸರಿ, ಇಲ್ಲದಿದ್ದರೆ ಬಾಗಿಲ ಹತ್ತಿರದ ಮೇಜಿನಲ್ಲಿ ಕೂತು ಫೋನು ಎತ್ತಿಕೊಂಡಿರುವುದು. “ಅದೂ ಕೆಲಸಾನೇ ಕಣಣ್ಣ” ಎಂದಿದ್ದ ತಮ್ಮ. ಆ ಮೇಜಿನ ಮೇಲೆ ಬ್ಯಾಟರಿ ಕಂಪನಿಯವರು ಕೊಟ್ಟ ಕ್ಯಾಲೆಂಡರೂ ಧೂಳು ಹಿಡಿದ ಪ್ಲಾಸ್ಟಿಕ್ ಹೂವೂ ಇದ್ದವು. ಅವುಗಳ ಸಾಲಿನಲ್ಲಿ ಮೂರನೆಯದಾಗಿ ತನ್ನನ್ನು ಇಟ್ಟುಕೊಂಡು ನೋಡಿ ಅವನು ಮೇಜಿಗೆ ಬೆನ್ನು ಹಾಕಿದ್ದ. ಕಾಯಿಲೆ ಬಿದ್ದ ಮೇಲೆ ಜಗತ್ತು ತುಂಬ ಒಳ್ಳೆಯದಾಗಿಬಿಟ್ಟಿತ್ತು. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಅವನು ಗೋಡೆ ಹಿಡಿದು ನಿಂತರೂ “ಸೂಪರ್ ಅಂಕಲ್” ಅನ್ನುತ್ತಿದ್ದಳು, ಬಚ್ಚಲಿಗೆ ಒಬ್ಬನೇ ಹೋಗಿ ಬಂದರೂ ಸೂಪರ್ ಅಂಕಲ್. ಹೆಂಡತಿಯಂತೂ ಬೈಯುವುದನ್ನೇ ಬಿಟ್ಟಿದ್ದಳು. ಅವಳ ಬೈಗುಳಕ್ಕೆ ಒಂದು ಓಟವಿತ್ತು. ಅಡುಗೆಮನೆಯಲ್ಲಿ ಶುರುವಾದರೆ ಬೀದಿ ಬಾಗಿಲಿನವರೆಗೆ ಉಸಿರು ತೆಗೆದುಕೊಳ್ಳದೆ ಬರುತ್ತಿತ್ತು, ಅವನ ವಂಶದವರನ್ನೆಲ್ಲ ಒಮ್ಮೆ ಮಾತಾಡಿಸಿಕೊಂಡು ಬರುತ್ತಿತ್ತು. ಮೊನ್ನೆ ಅವಳ ತಾಯಿ ಕೊಟ್ಟ ಗಾಜಿನ ಜಾಡಿ ಅವನ ಎಡಗೈಯಿಂದ ಜಾರಿ ಚೂರುಚೂರಾಯಿತು. ಅವಳು ಪೊರಕೆ ತಂದು ಗುಡಿಸುತ್ತ “ಹೋಗ್ಲಿ ಬಿಡಿ” ಎಂದಳು. ಅವನು ಕಾದು ನಿಂತಿದ್ದ. ಮುಂದೆ ಏನೂ ಬರಲಿಲ್ಲ. ಇವತ್ತು ಬೆಳಿಗ್ಗೆ ಅವನು ಹಳೆಯ ನೀಲಿ ಅಂಗಿಗೆ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದಾಗ ಅವಳು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಫೋನಿನಲ್ಲಿ ಮಾತಾಡುತ್ತಿದ್ದಳು. “ಏನೇ ಆಗ್ಲಿ, ಏನೂ ಅನ್ಬೇಡಪ್ಪ.” ಯಾರಿಗೆ, ಏನು ಎಂದು ಅವನು ಕೇಳಲಿಲ್ಲ.

“ಒತ್ತು.” ಒತ್ತಿದ. “ಹಿಡಿ.” ಕೆಳಗಿನ ಸಿಲಿಂಡರು ಸೋರುತ್ತಿದ್ದುದರಿಂದ ಹೊಸದು ತಂದಿದ್ದರು, ಅದನ್ನು ಬೆಳಿಗ್ಗೆ ಕೂರಿಸಿದವನು ಅವನೇ. ತಮ್ಮ ಅದನ್ನು ಪೊಟ್ಟಣದಿಂದ ತೆಗೆದು ಅವನ ಕೈಗಿಟ್ಟು, ಬೇಕೆಂದೇ ಇರಬೇಕು, ಆಚೆ ಕಡೆಯ ಗಾಡಿಯ ಚಕ್ರ ನೋಡಲು ಹೋಗಿದ್ದ. ಅದಕ್ಕಾಗಿ ಅವನಿಗೆ ತಮ್ಮನ ಮೇಲೆ ತುಂಬ ಪ್ರೀತಿ ಬಂದಿತ್ತು. ಸಣ್ಣ ಚಕ್ರಗಳಿರುವ ಹಲಗೆಯ ಮೇಲೆ ಅಂಗಾತ ಮಲಗಿ ಗಾಡಿಯಡಿ ಜಾರಿದಾಗ ಹಳೆಯ ವಾಸನೆ ಬಂತು, ಸುಟ್ಟ ಎಣ್ಣೆ, ಒದ್ದೆ ಮಣ್ಣು, ತುಕ್ಕು. ಯಾವಾಗಲೂ ಹೋಗುವ ಕಡೆಯಿಂದ ಹೋದರೆ ಎಡಗೈ ಚಾಚಬೇಕಿತ್ತು, ಭುಜ ಒಪ್ಪಲಿಲ್ಲ. ಹೊರಗೆ ಬಂದು, ಹಲಗೆ ತಿರುಗಿಸಿಕೊಂಡು, ಇನ್ನೊಂದು ಕಡೆಯಿಂದ ತಲೆ ಹಾಕಿದ. ಬೋಲ್ಟುಗಳು ಬಲಗೈಗೆ ಸಿಕ್ಕಿದವು. ಎದೆಯ ಮೇಲೆ ಸಿಲಿಂಡರು ಇಟ್ಟುಕೊಂಡು ಮೊದಲನೆಯ ಬೋಲ್ಟನ್ನು ಬೆರಳಿನಿಂದಲೇ ಹಿಡಿಸಿದ. ಹೊರಗೆ ಬಂದಾಗ ತಮ್ಮ “ಆಯ್ತಾ?” ಎಂದ. “ಆಯ್ತು” ಎಂದ ಇವನು, ಬೇಕೆಂದೇ ದನಿಯಲ್ಲಿ ಏನೂ ಇಲ್ಲದಂತೆ. “ಬಿಡು” ಎಂದ ತಮ್ಮ ಈಗ. ಅವನು ಬಿಟ್ಟ. ಪೆಡಲು ಅರ್ಧದಲ್ಲೇ ನಿಂತಿತು.

ಇದು ಡ್ರೈವಿಂಗ್ ಸ್ಕೂಲಿನ ಗಾಡಿ. ಪಕ್ಕದ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಈ ಕಡೆಯ ಪೆಡಲಿಗೂ ಆ ಕಡೆಯ ಪೆಡಲಿಗೂ ನಡುವೆ ಒಂದು ಕಬ್ಬಿಣದ ಸರಳು. ಇಲ್ಲಿ ಒತ್ತಿದರೆ ಅಲ್ಲಿಯದೂ ಇಳಿಯುತ್ತಿತ್ತು, ಯಾರೋ ಕಾಣದವರು ಪಕ್ಕದಲ್ಲಿ ಕೂತು ಒತ್ತುತ್ತಿರುವ ಹಾಗೆ. ಕಲಿಯುವವರ ಕಾಲಿಗೆ ಸಿಕ್ಕಿ ವರ್ಷಕ್ಕೊಮ್ಮೆ ಈ ಗಾಡಿಯ ಕ್ಲಚ್ಚು ಅವನ ಕೈಗೆ ಬರುತ್ತಿತ್ತು. ಬೆಳಿಗ್ಗೆ ಬಿಟ್ಟು ಹೋಗಲು ಬಂದ ಡ್ರೈವಿಂಗ್ ಮೇಷ್ಟ್ರು, ಎರಡು ಕೈಯಲ್ಲೂ ಉಂಗುರ ಹಾಕಿಕೊಂಡ ದಪ್ಪ ಮನುಷ್ಯ, ಇವನನ್ನು ನೋಡಿ “ಓ ಯಜಮಾನ್ರು! ಬಂದ್ರಾ!” ಎಂದು ಮಗುವನ್ನು ಮಾತಾಡಿಸುವ ರಾಗದಲ್ಲಿ ಹೇಳಿ, ಆಮೇಲೆ ಪ್ರತಿ ಸಲದಂತೆ ಅದೇ ಹಳೆಯ ತಮಾಷೆ ಹೇಳಿದ್ದರು. “ಕಲಿಯೋರಿಗೆ ನನ್ನ ಪೆಡಲು ಇರೋದೇ ಮರ್ತು ಹೋಗಿರುತ್ತೆ ನೋಡಿ. ಗಾಡಿ ಸರಿಯಾಗಿ ನಿಂತ್ರೆ ತಾವೇ ನಿಲ್ಸಿದ್ವಿ ಅಂತ ಬೀಗ್ತಾರೆ. ನಿಲ್ಸಿದ್ದು ನಾನು. ಹೇಳೋಕೆ ಹೋಗಲ್ಲ. ಹೇಳಿದ್ರೆ ಮಾರನೇ ದಿನ ಕ್ಲಾಸಿಗೇ ಬರಲ್ಲ.” ಮೂವರೂ ನಕ್ಕಿದ್ದರು. ನಾಳೆ ಬೆಳಿಗ್ಗೆ ಲೈಸೆನ್ಸ್ ಪರೀಕ್ಷೆಗೆ ಕರೆದೊಯ್ಯಬೇಕು, ಇವತ್ತು ಮಧ್ಯಾಹ್ನವೇ ಗಾಡಿ ಬೇಕೇ ಬೇಕು ಎಂದು ಹೇಳಿ ಮೇಷ್ಟ್ರು ಹೋಗಿದ್ದರು.

“ಗುಳ್ಳೆ ಬರ್ತಿದೆಯಾ?” ಎಂದು ಕೇಳಿದ ಅವನು.

“ಬರ್ತಿದೆ, ಬರ್ತಿದೆ” ಎಂದ ತಮ್ಮ ಕೆಳಗಿನಿಂದ. “ತುಂಬಾ ಏರ್ ಹಿಡ್ಕೊಂಡಿದೆ ಅಷ್ಟೆ. ನೀನು ಒತ್ತು.”

ತಾನು ಪೂರ್ತಿ ಒತ್ತುತ್ತಿಲ್ಲವೇನೋ. ಮೊಣಕಾಲು ಚಾಚಿದೆ ನಿಜ, ಆದರೆ ಪಾದ ಕಣಕಾಲಿನಲ್ಲೇ ಮಡಚಿಕೊಂಡು ಸುಳ್ಳು ಹೇಳುತ್ತಿರಬಹುದು. ಅವನು ಬಗ್ಗಿ ಕೈಯಿಂದ ಪೆಡಲು ಮುಟ್ಟಿ ನೋಡಿದ. ತಳಕ್ಕೇ ಹೋಗಿತ್ತು. ಹಾಗಾದರೆ ಹಿಡಿ ಎಂದಾಗ ಹಿಡಿದಿರಲಿಕ್ಕಿಲ್ಲ. ಪಾನ ತಿರುಗುವ ಮೊದಲೇ ಕಾಲು ತನಗೆ ತಿಳಿಯದಂತೆ ಸಡಿಲವಾಗಿ ಹೊರಗಿನ ಗಾಳಿಯನ್ನು ಒಳಗೆಳೆಯುತ್ತಿರಬಹುದು. ಎಷ್ಟೋ ವರ್ಷದ ಕೆಳಗೆ ತಮ್ಮ ಹೀಗೇ ಅವಸರಪಟ್ಟು ಕಾಲು ತೆಗೆದಿದ್ದಕ್ಕೆ ಅವನು ಗಾಡಿಯಡಿಯಿಂದ ಹೊರಬಂದು ಎಣ್ಣೆಯ ಬಟ್ಟೆಯನ್ನು ತಮ್ಮನ ಮುಖಕ್ಕೆ ಎಸೆದಿದ್ದ. ಅವತ್ತು ತಮ್ಮನಿಗೆ ಹೆಣ್ಣು ಕೊಡುವ ಮಾತಾಡಲು ಬಂದಿದ್ದ ಹಿರಿಯರು ಅದೇ ಗಿರಾಕಿಗಳ ಕುರ್ಚಿಯಲ್ಲಿ ಕೂತಿದ್ದರು. ತಮ್ಮ ಬಟ್ಟೆಯಿಂದ ಮುಖ ಒರೆಸಿಕೊಂಡು ಮತ್ತೆ ಸೀಟಿಗೆ ಹೋಗಿ ಕೂತ. ಮದುವೆಯೇನೋ ಆಯಿತು. ಶೆಡ್ಡಿನ ಕಾನೂನೇ ಹಾಗಿತ್ತು, ಮಾಡಿದವನು ಅವನೇ: ತಪ್ಪು ಮಾಡಿದವನಿಗೆ ಎಲ್ಲರ ಎದುರು ಬೈಗುಳ, ಮತ್ತೆ ಯಾರು ಕೂರಿಸಿದ್ದೋ ಅವರೇ ಬಿಚ್ಚಬೇಕು. ಬೇರೆಯವರು ಕೈ ಹಾಕುವ ಹಾಗಿಲ್ಲ. ಮೂಲೆಯಲ್ಲಿ ಬಾನೆಟ್ಟು ಬಡಿಯುತ್ತ ಕೂತ ಟಿಂಕರು ಕೂಡ ಈ ಕಾನೂನಿನಡಿ ಒಂದು ಬಾಗಿಲನ್ನು ಅಳುತ್ತಳುತ್ತ ಮತ್ತೆ ಮೊದಲಿನಿಂದ ತಟ್ಟಿದ್ದ.

ಕಾಲು ನೋಯುತ್ತಿರಲಿಲ್ಲ, ನೋಯುವುದೂ ಅದಕ್ಕೆ ಮರೆತಿತ್ತು, ಆದರೆ ಸೊಂಟ ನೋಯುತ್ತಿತ್ತು. ಸೊಂಟ ಸಡಿಲಿಸಲೆಂದು ಬಾಗಿಲ ಕಡೆ ಹೊರಳಿದಾಗ ಕೆಳಗೆ ನೆಲದ ಮೇಲೆ ಬಾಟಲಿ ಕಂಡಿತು. ನಿಪ್ಪಲ್ಲಿಗೆ ಸಿಕ್ಕಿಸಿದ ಪಾರದರ್ಶಕ ಟ್ಯೂಬಿನ ಇನ್ನೊಂದು ತುದಿ ಆ ಬಾಟಲಿಯ ಎಣ್ಣೆಯಲ್ಲಿ ಮುಳುಗಿತ್ತು. ತಮ್ಮನ ಮೊಣಕೈ ತಾಗಿ ಅದು ಗಾಡಿಯಡಿಯಿಂದ ಆಚೆ ಸರಿದಿರಬೇಕು. “ಒತ್ತು.” ಅವನು ಬಾಟಲಿಯನ್ನೇ ನೋಡುತ್ತ ಒತ್ತಿದ. “ಹಿಡಿ.” ಪಾನ ತಿರುಗಿತು. ಟ್ಯೂಬಿನಲ್ಲಿ ಎಣ್ಣೆ ಸರಕ್ಕನೆ ಬಂತು, ತಿಳಿಯಾದ ಎಣ್ಣೆ, ಜೇನಿನ ಬಣ್ಣದ್ದು. ಒಂದು ಗುಳ್ಳೆ ಇರಲಿಲ್ಲ. “ಬಿಡು.”

“ಗುಳ್ಳೆ ಬಂತಾ?”

“ಬಂತಣ್ಣ. ಈ ಸಲ ದೊಡ್ಡದೇ ಬಂತು.”

ತಮ್ಮ ಸುಳ್ಳು ಹೇಳಿದ್ದು ಆಶ್ಚರ್ಯವಲ್ಲ, ಗಿರಾಕಿಗಳಿಗೆ ದಿನವೂ ಹೇಳುತ್ತಿದ್ದ, ‘ಇನ್ನೇನು ಆಗೋಯ್ತು ಸಾರ್’ ಎನ್ನುವುದು ಅವನ ಬಾಯಲ್ಲಿ ಉಸಿರಿನಷ್ಟೇ ಸಲೀಸು. ಆದರೆ ಗಾಡಿಯ ಕೆಳಗಿರುವವನು ಮೇಲಿರುವವನಿಗೆ ಸುಳ್ಳು ಹೇಳಿದ್ದನ್ನು ಅವನು ಕೇಳಿರಲಿಲ್ಲ. ಇಲ್ಲಿ ಸುಳ್ಳಿಗೆ ಕೆಲಸವೇ ಇಲ್ಲ. ಗುಳ್ಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತನ್ನ ಕಾಲನ್ನು ಮುಚ್ಚಿಡಲು ಹೇಳುತ್ತಿದ್ದಾನೆ ಎಂದುಕೊಂಡ. ಕಾಲು ಕೈಕೊಟ್ಟಿದೆ, ಅದು ತಮ್ಮನಿಗೆ ಗೊತ್ತಾಗಿದೆ, ನನಗೆ ಹೇಳಲಾರ. ಗೋಡೆಯ ಮೇಲಿನ ಬೆಲ್ಟುಗಳನ್ನು ಅವನು ಒಂದೊಂದಾಗಿ ನೋಡಿದ, ಯಾವ ಗಾಡಿಗೆ ಯಾವುದು ಎಂದು ಇನ್ನೂ ಗೊತ್ತಿತ್ತು, ಗೊತ್ತಿದ್ದು ಏನು ಮಾಡುವುದು, ಮೇಜಿನ ಹತ್ತಿರ ಕೂತವನಿಗೆ ಬೆಲ್ಟಿನ ಗುರುತು ಯಾಕೆ.

ಆಗ ತಮ್ಮ ಹಲಗೆಯ ಸಮೇತ ಹೊರಗೆ ಜಾರಿ ಬಂದು, ಬೆನ್ನು ನೆಟ್ಟಗೆ ಮಾಡಿಕೊಂಡು, ಕೈ ಒರೆಸಿಕೊಳ್ಳುತ್ತ ಆ ಕಡೆಯ ಬಾಗಿಲು ತೆಗೆದು ಮೇಷ್ಟ್ರ ಸೀಟಿನಲ್ಲಿ ಕೂತ. ಮುಖದ ಒಂದು ಕಡೆಯೆಲ್ಲ ಎಣ್ಣೆ. ಅಣ್ಣನ ಕಡೆ ನೋಡದೆ ಗಾಜಿನಾಚೆ ನೋಡುತ್ತ ಹೇಳಿದ, “ಈಗ ಸರಿಹೋಗಿರಬೇಕು. ಒಂದು ಸಲ ಒತ್ತಿ ನೋಡು.”

ಅವನು ಒತ್ತಿದ. ಕಾಲಿಗೆ ಏನೋ ಅಡ್ಡ ಬಂತು. ಬೆಳಿಗ್ಗೆಯಿಂದ ಮೊದಲ ಸಲ, ಬೆಳಿಗ್ಗೆಯಿಂದ ಏನು, ಕಾಯಿಲೆ ಬಿದ್ದಾಗಿನಿಂದ ಮೊದಲ ಸಲ, ಪಾದದ ಅಡಿಯಲ್ಲಿ ಜಗತ್ತು ಇರುವುದು ಗೊತ್ತಾಯಿತು. ಪೆಡಲು ಗಟ್ಟಿಯಾಗಿತ್ತು. ಒತ್ತಿದರೆ ತಿರುಗಿ ಒತ್ತುತ್ತಿತ್ತು. ತೊಡೆಯವರೆಗೂ ಅದರ ಉತ್ತರ ಬಂತು, ಸೊಂಟಕ್ಕೂ ಬಂತು. ಅವನ ಬಾಯಿಂದ ನಗೆಯಂಥದೇನೋ ಹೊರಟಿತು. “ಹಿಡೀತು” ಎಂದ. “ಹಿಡೀತು ಕಣೋ.”

“ಹೂಂ, ನಾನು ಹೇಳ್ಲಿಲ್ವಾ. ನಿನ್ನ ಕಾಲಿಂದಲೇ ಆಗಿದ್ದು” ಎಂದ ತಮ್ಮ ಇನ್ನೂ ಗಾಜಿನಾಚೆ ನೋಡುತ್ತ. “ಇನ್ನು ಮಿಕ್ಕಿದ್ದು ನಾನು ನೋಡ್ಕೋತೀನಿ. ನೀನು ಮನೆಗೆ ಹೋಗಿ ಊಟ ಮಾಡಿ ಮಲ್ಕೋ. ಅತ್ತಿಗೆ ಕಾಯ್ತಿರ್ತಾರೆ.”

ಅವನು ಇನ್ನೊಮ್ಮೆ ಒತ್ತಿದ, ಬರೀ ಆಸೆಗೆ, ರುಚಿ ನೋಡುವವನಂತೆ. ಅಭ್ಯಾಸವಾದ ಹಾಗೆ ಮೊಣಕಾಲು ನೋಡಲೆಂದು ಬಗ್ಗಿದ. ಮೊಣಕಾಲಿನಾಚೆ, ಗೇರಿನಾಚೆ, ಆ ಕಡೆಯ ನೆಲವೂ ಕಂಡಿತು. ತಮ್ಮ ಚಪ್ಪಲಿ ಕಳಚಿ ಇಟ್ಟಿದ್ದ. ಅವನ ಬರಿಗಾಲಿನ ತುದಿ ಮೇಷ್ಟ್ರ ಕ್ಲಚ್ ಪೆಡಲಿನ ಅಡಿಗೆ ಹೋಗಿತ್ತು, ಬೆರಳುಗಳು ಬೆಳ್ಳಗಾಗುವಷ್ಟು ಬಲವಾಗಿ ಪೆಡಲನ್ನು ಮೇಲಕ್ಕೆ ಎತ್ತಿ ಹಿಡಿದಿದ್ದವು. ಮೀನಖಂಡ ಸಣ್ಣಗೆ ನಡುಗುತ್ತಿತ್ತು.

ಅವನು ನಿಧಾನವಾಗಿ ನೆಟ್ಟಗೆ ಕೂತ. ಕಾಲು ತೆಗೆಯಬೇಕೆನ್ನುವುದು ಹೊಳೆಯಲಿಲ್ಲ. ಅಣ್ಣ ತಮ್ಮಂದಿರು ಹಾಗೇ ಸ್ವಲ್ಪ ಹೊತ್ತು ಗಾಜಿನಾಚೆಯ ಗೋಡೆ ನೋಡುತ್ತ ಕೂತಿದ್ದರು, ಒಬ್ಬ ಕೆಳಕ್ಕೆ ಒತ್ತುತ್ತ, ಇನ್ನೊಬ್ಬ ಮೇಲಕ್ಕೆ ಒತ್ತುತ್ತ. ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಹಿಡೀತು ಕಣೋ ಎಂದಿದ್ದನಲ್ಲ, ಆ ನಾಚಿಕೆ. ಸೂಪರ್ ಅಂಕಲ್. ಆಮೇಲೆ, ನಾಚಿಕೆ ಇನ್ನೂ ಆರುವ ಮೊದಲೇ, ಅವನ ತಲೆ ತನ್ನ ಪಾಡಿಗೆ ತಾನು ಕೆಲಸ ಶುರುಮಾಡಿತು, ಇಷ್ಟು ವರ್ಷ ಮಾಡಿದ ಹಾಗೆಯೇ. ಎಣ್ಣೆ ತಿಳಿಯಾಗಿ ಬರುತ್ತಿದೆ. ಗುಳ್ಳೆ ಇಲ್ಲ. ಪೆಡಲು ಮೆತ್ತಗಿದೆ. ಅಂದರೆ ಕಾಲಿನದೇನೂ ತಪ್ಪಿಲ್ಲ, ಕಾಲು ಮುಂಚೆ ಬಿಟ್ಟಿದ್ದರೆ ಗುಳ್ಳೆ ಬರುತ್ತಲೇ ಇರಬೇಕಿತ್ತು. ಅಂದರೆ ಗಾಳಿ ಒಳಗೇ ಇದೆ, ನಿಪ್ಪಲ್ಲಿನ ಹತ್ತಿರ ಇಲ್ಲ. ಗಾಳಿ ಎಲ್ಲಿರುತ್ತದೆ? ಮೇಲಿರುತ್ತದೆ. ನಿಪ್ಪಲ್ಲೂ ಮೇಲೇ ಇರಬೇಕಲ್ಲ. ಗಾಳಿ ಅಲ್ಲಿಗೆ ಬರುತ್ತಿಲ್ಲ ಎಂದಾದರೆ ನಿಪ್ಪಲ್ಲು ಕೆಳಗಿದೆ. ಬೆಳಿಗ್ಗೆ ಬಲಗೈ ಬಿಗಿದ ಬೋಲ್ಟುಗಳು ಒಮ್ಮೆಲೇ ಕೈಗೆ ಮತ್ತೆ ಬಂದವು. ಇನ್ನೊಂದು ಕಡೆಯಿಂದ ತಲೆ ಹಾಕಿದ್ದ. ಅಲ್ಲಿಂದ ನೋಡಿದವನಿಗೆ ಮೇಲು ಕೆಳಗಾಗಿ ಕೆಳಗು ಮೇಲಾಗಿತ್ತು. ಬೋಲ್ಟಿನ ತೂತುಗಳು ಹೇಗಿಟ್ಟರೂ ಕೂರುತ್ತವೆ, ಹೇಗಿಟ್ಟರೂ ಕೂತಿತ್ತು. ಸಿಲಿಂಡರನ್ನು ತಲೆಕೆಳಗಾಗಿ ಕೂರಿಸಿದ್ದ. ಹೀಗಿದ್ದರೆ ನಾಳೆ ಬೆಳಗಿನವರೆಗೆ ಒತ್ತಿದರೂ ಎಣ್ಣೆ ಬರುತ್ತದೆಯೇ ಹೊರತು ಗಾಳಿ ಬರುವುದಿಲ್ಲ.

ಮತ್ತೆ ಇದು ಕೆಳಗೆ ಹೋದವನಿಗೆ ಕಾಣದಿರುವಂಥದಲ್ಲ. ಪಾನ ಇಡಬೇಕಾದರೆ ನಿಪ್ಪಲ್ಲು ಎಲ್ಲಿದೆಯೆಂದು ನೋಡಲೇಬೇಕು. ತಮ್ಮನಿಗೆ ಮೊದಲನೆಯ ‘ಒತ್ತು’ವಿಗಿಂತ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅರ್ಧ ದಿನ ಅಂಗಾತ ಮಲಗಿ, ಬಾರದ ಗಾಳಿಯನ್ನು ಬರಿಸುತ್ತ, ಒತ್ತು ಹಿಡಿ ಬಿಡು ಎಂದಿದ್ದಾನೆ. ನಾನು ಊಟಕ್ಕೆ ಹೋಗಲಿ ಎಂದು ಕಾಯುತ್ತಿದ್ದಾನೆ. ಹೋದ ಮೇಲೆ ಬಿಚ್ಚಿ ತಿರುಗಿಸುತ್ತಾನೆ. ಸಾಯಂಕಾಲ ಬಂದರೆ ಪೆಡಲು ನಿಜವಾಗಿಯೂ ಗಟ್ಟಿಯಾಗಿರುತ್ತದೆ, ನಿನ್ನ ಕಾಲಿಂದಲೇ ಆಗಿದ್ದು ಅಣ್ಣ ಎನ್ನುತ್ತಾನೆ. ನಾಳೆ ಇನ್ನೊಂದು ಕೆಲಸ ಕೊಡುತ್ತಾನೆ, ನಾನು ಮಾಡುತ್ತೇನೆ, ನನ್ನ ಬೆನ್ನ ಹಿಂದೆ ಅದನ್ನು ಬಿಚ್ಚಿ ಮತ್ತೆ ಮಾಡುತ್ತಾನೆ. ಇದು ಮೇಜಿನ ಹತ್ತಿರ ಕೂರುವುದಕ್ಕಿಂತ ಕಡೆಯಾಯಿತಲ್ಲ ಎಂದುಕೊಂಡ. ಪ್ಲಾಸ್ಟಿಕ್ ಹೂವಿಗೆ ತಾನು ಪ್ಲಾಸ್ಟಿಕ್ ಎನ್ನುವುದಾದರೂ ಗೊತ್ತಿರುತ್ತದೆ. ಆದರೆ ಅರ್ಧ ದಿನ ಕೆಳಗೆ ಮಲಗಿದ್ದವನ ಕುತ್ತಿಗೆ ಒಂದು ಕಡೆಗೆ ವಾಲಿಕೊಂಡಿತ್ತು, ಮೀನಖಂಡ ನಡುಗುತ್ತಿತ್ತು. ಅದನ್ನು ನೋಡಿ ಏನು ಹೇಳುವುದು. ಊಟಕ್ಕೆ ಹೋಗಿಬಿಡುವುದೇ ಸರಿ. ಅವನು ಕಾಲು ತೆಗೆದ. ಪಕ್ಕದಲ್ಲಿ ತಮ್ಮನೂ ಕಾಲು ತೆಗೆದು ಚಪ್ಪಲಿ ಹುಡುಕಿದ.

ಅವನು ಒಂದು ಕೈಯಲ್ಲಿ ಬಾಗಿಲು ಹಿಡಿದು, ಎಡಗಾಲನ್ನು ಹೊರಗಿಟ್ಟು, ಅದು ನೆಲ ಮುಟ್ಟಿದೆಯೆಂದು ಕಣ್ಣಿನಿಂದ ಖಾತ್ರಿ ಮಾಡಿಕೊಂಡು ಏಳುವಷ್ಟರಲ್ಲಿ ಡ್ರೈವಿಂಗ್ ಮೇಷ್ಟ್ರು ಬಂದುಬಿಟ್ಟರು. “ಏನಪ್ಪಾ, ಆಯ್ತಾ ನನ್ನ ರಥ?”

ತಮ್ಮ ಅಣ್ಣನ ಕಡೆ ಒಮ್ಮೆ ನೋಡಿದ. “ಆಯ್ತು ಸಾರ್. ಒಂದು ಗಂಟೆ ಬಿಟ್ಟು ಬನ್ನಿ, ಒಂದು ಟ್ರಯಲ್ ನೋಡ್ಬಿಡ್ತೀನಿ.”

“ಆಯ್ತಲ್ಲ, ಮತ್ತೆ ಟ್ರಯಲ್ ನಾನೇ ನೋಡ್ತೀನಿ ಬಿಡು” ಎಂದು ಮೇಷ್ಟ್ರು, ತಮ್ಮ ‘ಸಾರ್, ಸಾರ್’ ಎನ್ನುತ್ತಿದ್ದರೂ ಕೇಳದೆ, ಇವನು ಎದ್ದ ಸೀಟಿನಲ್ಲಿ ಕೂತು ಕ್ಲಚ್ ಒತ್ತಿದರು. ಪೆಡಲು ಒಂದೇ ಸಲಕ್ಕೆ ತಳಕ್ಕೆ ಹೋಗಿ ಅಲ್ಲೇ ಮಲಗಿತು. ಮೇಷ್ಟ್ರು ಅದನ್ನು ನೋಡಿದರು, ಆಮೇಲೆ ತಮ್ಮನನ್ನು ನೋಡಿದರು. “ಇದೇನೋ ಇದು? ಇದನ್ನಾ ಆಯ್ತು ಅಂದಿದ್ದು?”

“ಅದು… ಹೊಸ ಸಿಲಿಂಡರೇ ಸರಿ ಇಲ್ಲ ಸಾರ್. ಪೀಸೇ ಡಿಫೆಕ್ಟು. ಈಗಿನ ಮಾಲು ನಿಮಗೇ ಗೊತ್ತಲ್ಲ. ಬದಲಾಯಿಸಿ ಕೊಡ್ತೀನಿ.”

ಮೇಜಿನ ಹತ್ತಿರ ಹೋಗಿ ತನ್ನ ಕೋಲು ತೆಗೆದುಕೊಳ್ಳುತ್ತಿದ್ದವನಿಗೆ ಇದು ಕೇಳಿಸಿತು. ಪೊಟ್ಟಣದಿಂದ ತೆಗೆದ ಆ ಸಿಲಿಂಡರು ಎಷ್ಟು ಚೆನ್ನಾಗಿತ್ತು, ಅಂಗೈಯಲ್ಲಿ ತಣ್ಣಗೆ ತೂಕವಾಗಿ ಕೂತಿತ್ತು. ಈ ಶೆಡ್ಡಿನಲ್ಲಿ ಇದುವರೆಗೆ ಯಾರೂ ಕೈಯ ತಪ್ಪನ್ನು ಮಾಲಿನ ಮೇಲೆ ಹಾಕಿರಲಿಲ್ಲ. ಹಾಕಲು ಅವನು ಬಿಟ್ಟಿರಲಿಲ್ಲ.

“ಸಿಲಿಂಡರ್ ಸರಿ ಇದೆ ಮೇಷ್ಟ್ರೇ” ಎಂದ. ದನಿ ತಾನೆಣಿಸಿದ್ದಕ್ಕಿಂತ ಜೋರಾಗಿ ಬಂತು. “ನಾನು ಅದನ್ನ ತಲೆಕೆಳಗು ಕೂರ್ಸಿದೀನಿ.”

ಟಿಂಕರನ ಸುತ್ತಿಗೆ ನಿಂತಿತು. ಮೇಷ್ಟ್ರ ಮುಖದಲ್ಲಿ ಸಿಟ್ಟು ಇದ್ದದ್ದು, ಅವನ ಕಣ್ಣೆದುರೇ, ಇಳಿದು ಹೋಗಿ ಅಲ್ಲಿ ಇನ್ನೇನೋ ಬಂದು ಕೂತಿತು. ಅವನಿಗೆ ಅದರ ಪರಿಚಯ ಚೆನ್ನಾಗಿತ್ತು, ಆಸ್ಪತ್ರೆಯಲ್ಲಿ ಹಣ್ಣು ಹಿಡಿದುಕೊಂಡು ಬಂದವರ ಮುಖದಲ್ಲೆಲ್ಲ ಅದೇ ಇತ್ತು. “ಅಯ್ಯೋ, ಪರವಾಗಿಲ್ಲ ಬಿಡಿ ಯಜಮಾನ್ರೇ” ಎಂದರು ಮೇಷ್ಟ್ರು. “ನೀವು ಎದ್ದು ಓಡಾಡ್ತಿದೀರಲ್ಲ, ಅದೇ ದೊಡ್ಡದು. ನಾನು ಸಾಯಂಕಾಲಾನೇ ಬರ್ತೀನಿ, ಅವಸರ ಏನಿಲ್ಲ.” ಬೆಳಿಗ್ಗೆ ಅಷ್ಟು ಅವಸರವಿತ್ತು.

“ನೀನು ನೋಡಿದ್ದೆ ಅಲ್ವಾ?” ಎಂದ ಅವನು ತಮ್ಮನಿಗೆ. “ಬೆಳಿಗ್ಗೇನೇ ನೋಡಿದ್ದೆ.”

ತಮ್ಮ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದ. “ಹೋಗ್ಲಿ ಬಿಡಣ್ಣ.”

“ಹೋಗ್ಲಿ ಬಿಡು ಅನ್ನೋಕೆ ನಾನೇನು ಗಿರಾಕಿನಾ? ಬಯ್ಯಿ.”

“ಏನಣ್ಣ ನೀನು, ಮೇಷ್ಟ್ರ ಎದುರಿಗೆ—”

“ಎದುರಿಗೇ ಬಯ್ಯಿ. ಟಿಂಕರ್ ಮಾಡಿದ್ರೆ ಬಯ್ತಿರ್ಲಿಲ್ವಾ? ಅವನಿಗಿಂತ ಕಡೆಯಾದ್ನಾ ನಾನು?”

“ಏನಂತ ಬಯ್ಯಲಿ?” ಎಂದ ತಮ್ಮ, ಮೊದಲು ಮೆಲ್ಲಗೆ. ಆಮೇಲೆ ಬಟ್ಟೆಯನ್ನು ನೆಲಕ್ಕೆ ಎಸೆದ. “ಏನಂತ ಬಯ್ಯಲಿ ನಿನಗೆ? ಗಾಳಿ ಮೇಲಕ್ಕೆ ಹೋಗುತ್ತೆ ಕಣೋ ಕತ್ತೆ ಅಂತ ತಲೆ ಮೇಲೆ ಕುಟ್ಟಿ ಹೇಳ್ಕೊಟ್ಟೋನು ನೀನು! ನಿಪ್ಪಲ್ಲು ಕೆಳಗಿಟ್ಟು ಬಂದು ಆಯ್ತು ಅಂತೀಯಲ್ಲ, ಕಣ್ಣು ಎಲ್ಲಿಟ್ಟಿದ್ದೆ? ಕೂರ್ಸಿದ್ಮೇಲೆ ಒಂದು ಸಲ ತಿರುಗಿ ನೋಡೋಕೆ ಏನಾಗಿತ್ತು? ಕೈಗೆ ಲಕ್ವ ಹೊಡೆದಿದ್ದೋ ತಲೆಗೋ? ಅರ್ಧ ದಿನ! ಅರ್ಧ ದಿನ ಮೂಗಿನೊಳಗೆಲ್ಲ ಎಣ್ಣೆ ಬಿಟ್ಕೊಂಡು ಮಲಗಿದೀನಿ. ಅತ್ತಿಗೆ ಬೇಡ್ಕೋತಾರೆ ಬಯ್ಬೇಡ ಅಂತ. ಅವರಿಗೆ ಭಯ. ನಿನಗೆ ಭಯ. ನನಗೆ ಭಯ ಇಲ್ವಾ? ನಿನ್ನನ್ನ ಬೈದು ನೀನು ಮತ್ತೆ ಬಿದ್ದುಬಿಟ್ರೆ ನಾನೆಲ್ಲಿಗೆ ಹೋಗ್ಲಿ?” ದನಿ ಒಡೆದದ್ದು ಎಲ್ಲರಿಗೂ ಕೇಳಿತು, ಅದಕ್ಕೇ ಇನ್ನೂ ಜೋರು ಮಾಡಿದ. “ಬಿಚ್ಚು ಹೋಗು! ಕೂರ್ಸಿದ್ದು ನೀನು, ಬಿಚ್ಚೋದೂ ನೀನೇ. ನಾನು ಕೈ ಹಾಕಲ್ಲ!”

ಟಿಂಕರು ಬಾನೆಟ್ಟಿನ ಹಿಂದೆ ತಲೆ ತಗ್ಗಿಸಿದ. ಮೇಷ್ಟ್ರು ಬಾಗಿಲ ಹತ್ತಿರ ನಿಂತು ಬೀದಿಯಲ್ಲಿ ಏನೋ ಇರುವಂತೆ ಆಚೆ ನೋಡತೊಡಗಿದರು. ಬೈಸಿಕೊಂಡರೆ ಹಗುರವಾಗುತ್ತದೆ ಎಂದು ಅವನು ಎಣಿಸಿದ್ದ. ಹಾಗೇನೂ ಆಗಲಿಲ್ಲ. ‘ತಲೆಗೋ’ ಎಂದದ್ದು ಮಾತ್ರ ಎದೆಯಲ್ಲಿ ಮುರಿದು ನಿಂತಿತು, ಯಾಕೆಂದರೆ ರಾತ್ರಿ ನಿದ್ದೆ ಬಾರದಾಗ ಅವನು ತನ್ನನ್ನು ಕೇಳಿಕೊಳ್ಳುತ್ತಿದ್ದುದೂ ಅದನ್ನೇ. ತುಂಬ ನೋವಾಯಿತು. ಇಷ್ಟು ದಿನ ಹೋಗ್ಲಿ ಬಿಡಿ ಎಂದಾಗಲೂ ನೋವಾಗಿತ್ತು, ಆದರೆ ಆಗ ಆ ನೋವನ್ನು ಇಟ್ಟುಕೊಂಡು ಮಾಡುವ ಕೆಲಸ ಯಾವುದೂ ಇರಲಿಲ್ಲ. ಈಗ ಇತ್ತು. ಅವನು ಕೋಲನ್ನು ಮೇಜಿಗೆ ಒರಗಿಸಿಟ್ಟು ಹಲಗೆಯ ಕಡೆ ನಡೆದ.

ನೆಲಕ್ಕೆ ಇಳಿಯುವುದೇ ದೊಡ್ಡದಾಯಿತು. ಯಾರೂ ಹಿಡಿಯಲು ಬರಲಿಲ್ಲ. ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟಿರಬೇಕು, ತಮ್ಮ “ಬೇಡ ಸಾರ್” ಎಂದದ್ದು ಕೇಳಿಸಿತು. ಗಾಡಿಯಡಿ ಸೇರಿ ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನೋಡಿದ. ನಿಪ್ಪಲ್ಲು ಕೆಳಗೆ ನೆಲದ ಕಡೆ ಮುಖ ಮಾಡಿಕೊಂಡು, ತನ್ನದೇನೂ ತಪ್ಪಿಲ್ಲದ ಹಾಗೆ ಇತ್ತು. ಬಲಗೈಯಿಂದ ಬೋಲ್ಟು ಸಡಿಲಿಸಿದ. ಎರಡನೆಯದು ಕಳಚುವಾಗ ಸಿಲಿಂಡರನ್ನು ಎಡಗೈ ಹಿಡಿದುಕೊಳ್ಳಬೇಕಿತ್ತು, ಹಿಡಿಯಲಿಲ್ಲ, ಅದು ಎದೆಯ ಮೇಲೆ ಬಿತ್ತು. ಎಣ್ಣೆ ಕಣ್ಣಿಗೆ ಹಾರಿ ಉರಿಯಿತು. ತೋಳಿನಿಂದ ಒರೆಸಿಕೊಂಡು, ಮತ್ತೆ ಎತ್ತಿ, ತಿರುಗಿಸಿ, ಎಡ ಮೊಣಕೈಯನ್ನು ನೆಲಕ್ಕೂರಿ ಮಣಿಕಟ್ಟಿನಿಂದ ಸಿಲಿಂಡರನ್ನು ಅದುಮಿ ಹಿಡಿದ. ಜಾರಿತು. ಮತ್ತೆ ಹಿಡಿದ. ಎಷ್ಟು ಹೊತ್ತಾಯಿತೋ, ಟಿಂಕರು ಮತ್ತೆ ಬಡಿಯತೊಡಗಿದ್ದ. ಬೋಲ್ಟು ಎಳೆ ಹಿಡಿಯಿತು. ಬಿಗಿದ ಮೇಲೆ ಅವನು ನಿಪ್ಪಲ್ಲು ಮೇಲಿದೆಯೇ ಎಂದು ಕಣ್ಣಿನಿಂದ ನೋಡಿದ, ಬೆರಳಿನಿಂದಲೂ ಮುಟ್ಟಿ ನೋಡಿದ. ಇದು ಕಾಯಿಲೆಯ ತಪ್ಪೋ ಕೈಯ ತಪ್ಪೋ ಎಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ತಮ್ಮ ಮೇಲಿನ ಡಬ್ಬಿಗೆ ಎಣ್ಣೆ ತುಂಬಿದ್ದು, ಆಮೇಲೆ ಸೀಟಿನಲ್ಲಿ ಕೂತದ್ದು ಗಾಡಿ ಸ್ವಲ್ಪ ತಗ್ಗಿದ್ದರಿಂದ ತಿಳಿಯಿತು. ಅವನು ಟ್ಯೂಬು ಸಿಕ್ಕಿಸಿದ, ಪಾನ ಇಟ್ಟ.

“ಒತ್ತು” ಎಂದ.

ಮೇಲೆ ಪೆಡಲು ಇಳಿಯಿತು.

“ಹಿಡಿ.”

ಪಾನ ತಿರುಗಿಸಿದ. ಟ್ಯೂಬಿನಲ್ಲಿ ಗುಳ್ಳೆಗಳು ನುಗ್ಗಿ ಬಂದವು, ಮೊದಲು ದೊಡ್ಡವು, ಹಿಂದೆ ಸಾಲಾಗಿ ಸಣ್ಣವು, ಬಾಟಲಿಯ ಎಣ್ಣೆ ಬುಳಬುಳ ಎಂದಿತು. ಮುಚ್ಚಿದ. “ಬಿಡು.” ಮತ್ತೆ ಒತ್ತು, ಮತ್ತೆ ಹಿಡಿ. ಗುಳ್ಳೆ ಕಡಿಮೆಯಾಗುತ್ತ ಬಂತು. ಕಡೆಗೆ ಏನೂ ಇಲ್ಲದಂತೆ ಕಂಡಿತು.

“ಗುಳ್ಳೆ ಬರ್ತಿದೆಯಾ?” ಎಂದು ತಮ್ಮ ಮೇಲಿನಿಂದ ಕೇಳಿದ.

“ಇಲ್ಲ. ನಿಂತುಹೋಯ್ತು.”

ತಮ್ಮ ಅದನ್ನು ನಂಬಲಿಲ್ಲ. ಅವನ ಎಣ್ಣೆ ಮೆತ್ತಿದ ಮುಖ ತೆರೆದ ಬಾಗಿಲಿನಿಂದ ತಲೆಕೆಳಗಾಗಿ ಬಗ್ಗಿ, ಅಣ್ಣನನ್ನು ದಾಟಿ, ಬಾಟಲಿಯನ್ನು ನೋಡಿತು.

“ಇನ್ನೂ ಇದೆ, ಸಣ್ಣದು” ಎಂದ ತಮ್ಮ. “ಸರಿಯಾಗಿ ನೋಡು. ಇನ್ನೊಂದು ಸಲ.”

“ಸರಿ” ಎಂದು ಅವನು ಪಾನ ಇಟ್ಟ. “ಒತ್ತು.”